ಒಂದರಂತೆ ಇನ್ನೊಂದಿಲ್ಲ

ವಿಜ್ಞಾನ ಒಲ್ಲೆನೆಂದ ಮಗಳಿಗೂ ನನಗೂ ತಿಂಗಳಿನಿಂದ ಮಾತು ಅಷ್ಟಕ್ಕಷ್ಟೇ. ಹೀಗಿರುವಾಗಲೇ ಎಲ್‌ಟಿಸಿ ಪಡೆದು ಕೇರಳಕ್ಕೆ ಹೊರಟೆವು.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ, 1568ರ ಪರದೇಶಿ ಸಿನಗಾಗ್‌ನ ನೆಲಕ್ಕೆ ಹಾಸಿದ ಚೀನಾದ ನೀಲಿ-ಬಿಳಿ ಟೈಲುಗಳನ್ನು ತೋರಿಸುತ್ತ, ಕೈಯಿಂದ ಚಿತ್ರಿಸಿದ ಇವುಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಉತ್ಸಾಹದಿಂದ ವಿವರಿಸಿದೆ.

“ಟೈಲ್ಸ್ ಆದ್ರೆ ಚೆಂದ, ಮಕ್ಕಳು ಮಾತ್ರ ಎಲ್ಲರಂತೆ ಇರಬೇಕು, ಅಲ್ವಾ ಅಪ್ಪಾ?” ಎಂದಳು. ಉತ್ತರ ಹೊಳೆಯಲಿಲ್ಲ.

ಮರುದಿನ ತಿರುವನಂತಪುರದ ಸಮೀಪದ ಕೋವಳಂನಲ್ಲಿ ಸ್ನಾರ್ಕೆಲಿಂಗ್‌ಗೆ ಇಳಿದೆವು. ಈಜು ಬಾರದ ನನ್ನ ಕೈಯನ್ನು ಅವಳು ಬಿಡಲಿಲ್ಲ. ಬಾಯಲ್ಲಿ ಉಸಿರಿನ ಕೊಳವೆ. ವಿವರಿಸಲು, ವಾದಿಸಲು ಆಸ್ಪದವಿಲ್ಲ. ಬಂಡೆಗಳ ನಡುವಿನ ಮೀನುಗಳತ್ತ ಅವಳು ಬೆರಳು ಚಾಚಿದಳು. ಅವಳು ತೋರಿಸಿದ್ದನ್ನು ನಾನು ಸುಮ್ಮನೆ ನೋಡಿದೆ.

ದಡಕ್ಕೆ ಬಂದು ಕೇಳಿದೆ: “ಏನು ಓದಬೇಕು ಅಂದುಕೊಂಡಿದ್ದೀಯ, ಹೇಳು.”