ತೊಗಲು ಬದಲಾದ ಗೊಂಬೆಗಳು

ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ನಗರದಲ್ಲಿ 1977ನೆಯ ಇಸವಿಯ ಮೇ ತಿಂಗಳಿನಲ್ಲಿ ಒಂದು ಪಿಜ್ಜಾ ಉಪಾಹಾರಗೃಹ ಪ್ರಾರಂಭವಾಯಿತು. ಅದರ ಹೆಸರು ‘ಪಿಜ್ಜಾ ಟೈಮ್ ಥಿಯೇಟರ್’. ಹೆಸರಿನಲ್ಲಿ ರಂಗಮಂದಿರವಿದ್ದುದು ಆಕಸ್ಮಿಕವಲ್ಲ. ಊಟದ ಮೇಜುಗಳಿಂದ ಮೇಲೆ, ಚಿತ್ರಪಟದ ಚೌಕಟ್ಟುಗಳೊಳಗಿಂದ ಒಂದು ಇಲಿ, ಒಂದು ನಾಯಿ, ಒಬ್ಬ ಇಟಲಿಯ ಬಾಣಸಿಗ ಇಣುಕಿ, ಕಣ್ಣು ಹೊರಳಿಸಿ, ಮಾತನಾಡುತ್ತಿದ್ದರು, ಹಾಡುತ್ತಿದ್ದರು, ಪರಸ್ಪರ ಗೇಲಿ ಮಾಡಿಕೊಳ್ಳುತ್ತಿದ್ದರು. ಕೆಳಗೆ ಕುಳಿತ ಮಕ್ಕಳು ಕೈಯಲ್ಲಿದ್ದ ತುತ್ತನ್ನು ಮರೆತು ಮೇಲೆ ನೋಡುತ್ತಿದ್ದರು.

ಇದನ್ನು ಕಟ್ಟಿದವನು ನೋಲನ್ ಬುಶ್ನೆಲ್. ವಿಡಿಯೋ ಆಟಗಳನ್ನು ಮನೆಮಾತಾಗಿಸಿದ ‘ಅಟಾರಿ’ ಸಂಸ್ಥೆಯ ಸ್ಥಾಪಕರಲ್ಲೊಬ್ಬ. ನಾಣ್ಯ ಹಾಕಿ ಆಡುವ ಯಂತ್ರವನ್ನು ಮಾರಿದವನಿಗೆ ದೊರೆಯುವುದು ಒಂದು ಬಾರಿಯ ಬೆಲೆ. ಅದನ್ನು ಕೊಂಡು ನಿಲ್ಲಿಸಿದವನಿಗೆ ದಿನವೂ ನಾಣ್ಯದ ಮಳೆ. ಈ ಲೆಕ್ಕ ಅವನಿಗೆ ಸ್ಪಷ್ಟವಾಗಿತ್ತು. ಆದರೆ ಆ ಯಂತ್ರಗಳು ಇದ್ದುದು ಹೆಚ್ಚಾಗಿ ಮದ್ಯದಂಗಡಿಗಳಲ್ಲಿ. ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಪಿಜ್ಜಾ ಬೇಯಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಮಕ್ಕಳು ಆಡುತ್ತಾರೆ ಎಂಬುದು ಅವನ ಯೋಜನೆ. ಹಾಡುವ ಗೊಂಬೆಗಳ ಪ್ರೇರಣೆಯಾದರೋ ಡಿಸ್ನಿಲ್ಯಾಂಡಿನಲ್ಲಿ 1963ರಲ್ಲಿ ತೆರೆದ ‘ಟಿಕಿ ರೂಮ್’ನ ಯಾಂತ್ರಿಕ ಪಕ್ಷಿಗಳಿಂದ ಬಂದುದು.

ನಾಯಕಪಾತ್ರ ಇಲಿಯಾದುದು ಒಂದು ತಮಾಷೆಯ ಪ್ರಸಂಗ. ತೋಳದ ಜಾತಿಯ ‘ಕಯೋಟಿ’ ಎಂಬ ಪ್ರಾಣಿಯ ವೇಷವೆಂದು ಭಾವಿಸಿ ಬುಶ್ನೆಲ್ ಕೊಂಡು ತಂದ ಉಡುಪು ಬಿಚ್ಚಿ ನೋಡಿದರೆ ಉದ್ದ ಬಾಲದ ಇಲಿಯಾಗಿತ್ತು! ‘ರಿಕ್ ರ‍್ಯಾಟ್’ ಎಂದು ಹೆಸರಿಡುವ ವಿಚಾರಕ್ಕೆ ಮಾರಾಟ ವಿಭಾಗದವರು ಬೆಚ್ಚಿಬಿದ್ದರು. ಅಡುಗೆಮನೆಯಲ್ಲಿ ಇಲಿ ಕಂಡರೆ ಜನ ಏನು ಮಾಡುತ್ತಾರೆಂಬುದು ಎಲ್ಲ ದೇಶಗಳಲ್ಲಿಯೂ ಒಂದೇ. ಕೊನೆಗೆ, ಉಚ್ಚರಿಸುವಾಗ ತುಟಿಗಳು ತಾವಾಗಿಯೇ ನಗುವಂತೆ ಅರಳುವ ‘ಚಕ್ ಇ. ಚೀಸ್’ ಎಂಬ ಹೆಸರು ನಿಂತಿತು.

ಭೋಜನದ ಎದುರು ಗೊಂಬೆಗಳು ವಾದ್ಯ ನುಡಿಸುವುದು ಅಮೆರಿಕೆಯ ಹೊಸ ಕಲ್ಪನೆಯೇನಲ್ಲ. 1206ರಲ್ಲಿ ಗ್ರಂಥ ರಚಿಸಿದ ಅಲ್-ಜಝರಿ, ಅರಸನ ಪಾನಗೋಷ್ಠಿಯ ಕೊಳದಲ್ಲಿ ತೇಲುವ ದೋಣಿಯೊಂದನ್ನು ವಿವರಿಸುತ್ತಾನೆ. ಅದರಲ್ಲಿ ನಾಲ್ವರು ಗೊಂಬೆ ವಾದ್ಯಗಾರರು, ಒಳಗೆ ನೀರಿನ ಬಲದಿಂದ ತಿರುಗುವ ಮೊಳೆಗಳ ಉರುಳೆ. ಅವನಿಗಿಂತ ಮೊದಲೇ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದ ಯಂತ್ರವಿಧಾನದಲ್ಲಿ ಮರದ ಗೊಂಬೆಗಳ ಮಾತು ಬರುತ್ತದೆ. ಪಿಜ್ಜಾ ಮಂದಿರದಲ್ಲಿ ನೀರಿನ ಸ್ಥಾನವನ್ನು ಒತ್ತಿದ ಗಾಳಿಯೂ, ಮೊಳೆಗಳ ಸ್ಥಾನವನ್ನು ಕಾಂತಪಟ್ಟಿಯೂ ತುಂಬಿದವು. ಟೇಪಿನ ಕೆಲವು ಪಥಗಳಲ್ಲಿ ಹಾಡು, ಉಳಿದವುಗಳಲ್ಲಿ ಚಲನೆಯ ಸಂಕೇತ. ಸಂಕೇತ ಬಂದೊಡನೆ ಕವಾಟ ತೆರೆದು, ಕೊಳವೆಯಲ್ಲಿ ಗಾಳಿ ನುಗ್ಗಿ, ರೆಪ್ಪೆ ಮುಚ್ಚುತ್ತದೆ, ದವಡೆ ತೆರೆಯುತ್ತದೆ, ತೋಳು ಏಳುತ್ತದೆ. ಸಂಗೀತದ ನಡುವೆ ಕೇಳಿಬರುವ ಆ ‘ಟಕ್’ ಎಂಬ ಸದ್ದು, ‘ಉಸ್’ ಎಂಬ ನಿಟ್ಟುಸಿರು ಯಂತ್ರದ ದೋಷವೆಂದು ಕೆಲವರು ಹೇಳುತ್ತಾರೆ. ಅದೇ ಅದರ ಉಸಿರಾಟವೆಂದು ನಂಬಿದ ಮಗುವಿನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಎದುರಾಳಿ ಬರಲು ಬಹಳ ಕಾಲ ಹಿಡಿಯಲಿಲ್ಲ. ಬುಶ್ನೆಲ್‌ನ ಶಾಖೆಗಳನ್ನು ತೆರೆಯಲು 1979ರಲ್ಲಿ ಒಪ್ಪಿಕೊಂಡಿದ್ದ ರಾಬರ್ಟ್ ಬ್ರಾಕ್ ಎಂಬ ಹೋಟೆಲ್ ಉದ್ಯಮಿ, ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಏರನ್ ಫೆಕ್ಟರ್ ಎಂಬ ತರುಣ ತಯಾರಿಸುತ್ತಿದ್ದ ಗೊಂಬೆಗಳನ್ನು ಕಂಡು ಮನಸ್ಸು ಬದಲಿಸಿದ. 1980ರಲ್ಲಿ ಮಿಸೂರಿಯ ಕ್ಯಾನ್ಸಸ್ ಸಿಟಿಯಲ್ಲಿ ‘ಶೋಬಿಜ್ ಪಿಜ್ಜಾ ಪ್ಲೇಸ್’ ತೆರೆಯಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ರಾಜಿಯಾಯಿತು. ಫೆಕ್ಟರನ ‘ರಾಕ್-ಅಫೈರ್ ಎಕ್ಸ್‌ಪ್ಲೋಶನ್’ ಎಂಬ ವಾದ್ಯವೃಂದ ಬೇರೆಯದೇ ಮಟ್ಟದ್ದು. ಕರಡಿ ಬಿಲ್ಲಿ ಬಾಬ್, ಕೀಲಿಮಣೆ ನುಡಿಸುವ ಗೊರಿಲ್ಲ ಫ್ಯಾಟ್ಸ್, ಡ್ರಮ್ ಬಾರಿಸುವ ಡೂಕ್, ಇಲಿಹುಡುಗಿ ಮಿಟ್ಸಿ, ಹಾಸ್ಯಗಾರ ತೋಳ ರಾಲ್ಫ್. ಈ ರಾಲ್ಫ್‌ನ ಕೈಯಲ್ಲಿ ಅರ್ಲ್ ಎಂಬ ಇನ್ನೊಂದು ಗೊಂಬೆ. ಅದು ತನ್ನನ್ನು ಹಿಡಿದವನನ್ನೇ ಚುಚ್ಚಿ ಮಾತನಾಡುತ್ತದೆ. ಗೊಂಬೆಯೇ ಗೊಂಬೆಯನ್ನು ಆಡಿಸುವ ಈ ಕುಶಲತೆ ಹಸಿದ ಮಕ್ಕಳ ಗದ್ದಲದಲ್ಲಿ ಎಷ್ಟು ಜನರ ಗಮನಕ್ಕೆ ಬಂದಿತ್ತೋ!

ವಿಡಿಯೋ ಆಟಗಳ ಮಾರುಕಟ್ಟೆ 1983ರಲ್ಲಿ ಕುಸಿಯಿತು. ಮರುವರ್ಷ ಬುಶ್ನೆಲ್‌ನ ಸಂಸ್ಥೆ ದಿವಾಳಿಯಾಗಿ, ಎದುರಾಳಿಯೇ ಅದನ್ನು ಕೊಂಡುಕೊಂಡಿತು. ಕೆಲವು ವರ್ಷ ಎರಡೂ ಹೆಸರುಗಳು ನಡೆದವು. ಎರಡು ಬಗೆಯ ಪಾತ್ರಗಳನ್ನು ಸಾಕುವುದು ದುಬಾರಿ; ರಾಕ್-ಅಫೈರ್ ಪಾತ್ರಗಳ ಹಕ್ಕು ಫೆಕ್ಟರನಲ್ಲಿ, ಇಲಿಯ ಹಕ್ಕು ಸಂಸ್ಥೆಯಲ್ಲಿ. ಫೆಕ್ಟರ್ ಹಕ್ಕನ್ನು ಬಿಟ್ಟುಕೊಡಲಿಲ್ಲ. ಆಗ ಆಡಳಿತಗಾರರು ಕಂಡುಕೊಂಡ ಮಾರ್ಗ ವಿಚಿತ್ರವಾದುದು. ಗೊಂಬೆಗಳನ್ನು ಎಸೆಯಲಿಲ್ಲ; ಅವುಗಳ ಚರ್ಮವನ್ನು ಸುಲಿದರು. ತೊಂಬತ್ತರ ದಶಕದ ಆರಂಭದಲ್ಲಿ ಒಂದೊಂದೇ ಊರಿನಲ್ಲಿ ತಂತ್ರಜ್ಞರು ಮುಖವಾಡಗಳನ್ನೂ ತುಪ್ಪಳವನ್ನೂ ಕಳಚಿ, ಅದೇ ಕಬ್ಬಿಣದ ಅಸ್ಥಿಪಂಜರಕ್ಕೆ ಬೇರೆ ಮುಖ ತೊಡಿಸಿದರು. ಗೊರಿಲ್ಲ ಹೋಗಿ ಮಂಚ್ ಎಂಬ ನೇರಳೆ ಬಣ್ಣದ ವಿಚಿತ್ರಜೀವಿ ಅದೇ ಕೀಲಿಮಣೆಯ ಮುಂದೆ ಕುಳಿತ. ಡೂಕ್ ಇಟಲಿಯ ಬಾಣಸಿಗನಾದ, ಮಿಟ್ಸಿ ಕೋಳಿಯಾದಳು. ರಾಲ್ಫ್ ಎಂಬ ತೋಳ ಚಕ್ ಇ. ಚೀಸ್ ಎಂಬ ಇಲಿಯಾದ. ತೋಳವೆಂದುಕೊಂಡು ಕೊಂಡದ್ದು ಇಲಿಯಾಗಿ ಪ್ರಾರಂಭವಾದ ಕಥೆಯಲ್ಲಿ ತೋಳದ ಮೂಳೆಯ ಮೇಲೆಯೇ ಇಲಿ ಬಂದು ಕೂತದ್ದನ್ನು ವಿಧಿಯ ವಿನೋದವೆನ್ನಬೇಕು. ಕರಡಿಗೆ ಹೊಸ ವೃಂದದಲ್ಲಿ ಸ್ಥಾನವಿರಲಿಲ್ಲ.

ವ್ಯವಹಾರದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಕಾಣದು. ಆದರೆ ಹಿಂದಿನ ಹುಟ್ಟುಹಬ್ಬಕ್ಕೆ ಬಂದು ಗೊರಿಲ್ಲನ ಹಾಡು ಕೇಳಿ ಹೋದ ಮಗು ಈ ವರ್ಷ ಬಂದು ನೋಡುವುದೇನು? ಅದೇ ವೇದಿಕೆ, ಅದೇ ಜಾಗ, ಕೈಯೂ ಅದೇ ಬಗೆಯಲ್ಲಿ ಏಳುತ್ತದೆ. ಮುಖ ಮಾತ್ರ ಬೇರೆ. ಗೊಂಬೆ ಮಾಯವಾಗಿದ್ದರೆ ಮಗು ಅತ್ತು ಮರೆಯುತ್ತಿತ್ತು. ತೊಗಲು ಬದಲಾದ ಗೊಂಬೆಯನ್ನು ಮರೆಯುವುದು ಹಾಗಲ್ಲ.

ಮರೆಯಲಿಲ್ಲವೆಂಬುದಕ್ಕೆ ಸಾಕ್ಷಿ ಅನಂತರದ ವರ್ಷಗಳಲ್ಲಿದೆ. ಆ ಮಕ್ಕಳಲ್ಲಿ ಕೆಲವರು ಬೆಳೆದು, ದುಡಿದು, ಹಳೆಯ ರಾಕ್-ಅಫೈರ್ ಗೊಂಬೆಗಳನ್ನು ಹುಡುಕಿ ಕೊಂಡು ಮನೆಯಲ್ಲಿಯೇ ರಂಗ ಕಟ್ಟಿಕೊಂಡರು. ಸೀಳಿದ ತುಪ್ಪಳ ಹೊಲಿದು, ಕೊಳವೆ ಬದಲಿಸಿ, ಹೊಸ ಹಾಡುಗಳಿಗೆ ಹಳೆಯ ತುಟಿಗಳನ್ನು ಹೊಂದಿಸಿದರು. 2008ರಲ್ಲಿ ಇವರ ಕುರಿತೇ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಫೆಕ್ಟರ್, ಒಂದು ಕಾಲಕ್ಕೆ ನೂರಾರು ಕೆಲಸಗಾರರಿದ್ದ ತನ್ನ ಕಾರ್ಖಾನೆಯಲ್ಲಿ, ಅಚ್ಚುಗಳ ಮತ್ತು ಮುಖಗಳ ನಡುವೆ ಒಬ್ಬನೇ ಓಡಾಡುತ್ತಾನೆ. ಅದೇ ನೆನಪಿನ ಇನ್ನೊಂದು ಮುಖ ಭಯ: 2014ರಲ್ಲಿ ಬಂದ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಎಂಬ ಆಟದಲ್ಲಿ ಪಿಜ್ಜಾ ಮಂದಿರದ ಗೊಂಬೆಗಳು ರಾತ್ರಿ ಕಾವಲುಗಾರನನ್ನು ಬೇಟೆಯಾಡುತ್ತವೆ.

ಚಕ್ ಇ. ಚೀಸ್ ಸಂಸ್ಥೆ 2020ರಲ್ಲಿ ದಿವಾಳಿ ರಕ್ಷಣೆ ಕೋರಿ ಚೇತರಿಸಿಕೊಂಡಿತು. 2024ರ ಹೊತ್ತಿಗೆ ಕೆಲವೇ ಶಾಖೆಗಳನ್ನು ಬಿಟ್ಟು ಉಳಿದೆಲ್ಲೆಡೆ ಗೊಂಬೆಗಳನ್ನು ಕಳಚುವುದೆಂದು ನಿರ್ಧರಿಸಿತು. ಅವುಗಳ ಜಾಗಕ್ಕೆ ಪರದೆಗಳೂ ನೃತ್ಯದ ಅಂಗಣಗಳೂ ಬಂದವು. ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿ ಮಾತ್ರ ವೇದಿಕೆಯನ್ನು ಶಾಶ್ವತವಾಗಿ ಉಳಿಸುವುದಾಗಿ ಮೊದಲು ಸಾರಿದರು. ಆಮೇಲೆ ಬೆರಳೆಣಿಕೆಯ ಇನ್ನು ಕೆಲವು ಊರುಗಳು ಆ ಪಟ್ಟಿಗೆ ಸೇರಿದವು. ಅಲ್ಲಿ ತೆರೆ ಸರಿದಾಗ ಈಗಲೂ ಹಾಡಿಗಿಂತ ಕ್ಷಣಮಾತ್ರ ಮುಂಚೆ ಕೊಳವೆಗಳಲ್ಲಿ ಗಾಳಿ ತುಂಬುವ ಸದ್ದು ಕೇಳುತ್ತದೆ.