ನಿರ್ವಾಣಕ್ಕೆ ಹೊರಟ ರೈಲು ಡಬ್ಬಿ

ಬಾಸ್ಟನ್ನಿನ ಕಾಪ್ಲಿ ಚೌಕದಲ್ಲಿ ಎರಡು ಟ್ರಿನಿಟಿ ಚರ್ಚುಗಳಿವೆ. ಒಂದು ಕಲ್ಲಿನದು. ಇನ್ನೊಂದು ಪಕ್ಕದ 60 ಮಹಡಿಯ ಗಾಜಿನ ಕಟ್ಟಡದ ಮೈಮೇಲೆ ಮೂಡಿದ್ದು. ಮೋಡ ಸರಿದರೆ ಅದೂ ಸರಿದಂತೆ ಕಾಣುತ್ತದೆ. ಗಾಜಿನ ಹಾಳೆಗಳ ಸಂದಿನಲ್ಲಿ ಗೋಪುರ ಮುರಿದು ಮತ್ತೆ ಕೂಡಿಕೊಳ್ಳುತ್ತದೆ. ಜನ ಫೋನ್ ಎತ್ತಿ ಹಿಡಿಯುವುದು ಹೆಚ್ಚಾಗಿ ಈ ಎರಡನೆಯದರ ಕಡೆಗೇ. ನಾನೂ ಹಿಡಿದೆ. ಆಮೇಲೆ ಕಲ್ಲಿನ ಕಡೆಗೆ ತಿರುಗಿದೆ.

ನಿಂತ ನೆಲವೇ ಇಲ್ಲಿ ಮೊದಲ ಅಚ್ಚರಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಈ ಜಾಗ ಉಬ್ಬರ ಬಂದಾಗ ನೀರು, ಇಳಿದಾಗ ಕೆಸರು. ದೂರದ ಗುಡ್ಡಗಳನ್ನು ಅಗೆದು, ರೈಲುಗಟ್ಟಲೆ ಜಲ್ಲಿಮಣ್ಣು ತಂದು ಸುರಿದು, ಊರಿನವರು ಇದನ್ನು ಬಡಾವಣೆ ಮಾಡಿದರು. 1872ರ ನವೆಂಬರಿನಲ್ಲಿ ಬಾಸ್ಟನ್ನಿನ ವ್ಯಾಪಾರದ ಕೇರಿಗಳನ್ನೆಲ್ಲ ನುಂಗಿದ ಬೆಂಕಿ ಹಳೆಯ ಟ್ರಿನಿಟಿಯನ್ನೂ ಸುಟ್ಟಿತು. ಹೊಸದು ಈ ಹೊಸ ಮಣ್ಣಿನ ಮೇಲೆ ಎದ್ದಿತು. ಅಷ್ಟು ಭಾರದ ಕಟ್ಟಡ ಹೂತುಹೋಗದಿರಲೆಂದು ಕೆಳಗೆ ಸುಮಾರು 4,500 ಮರದ ಕಂಬಗಳನ್ನು ಬಡಿದಿಳಿಸಿದ್ದಾರೆ. ಆ ಕಂಬಗಳು ಸದಾ ನೀರಿನಲ್ಲಿ ಮುಳುಗಿರಬೇಕು. ಅಂತರ್ಜಲ ಇಳಿದು ಗಾಳಿ ತಾಕಿತೋ, ಮರ ಕೊಳೆಯಲು ಶುರು. ಮೇಲೆ ಬೆಟ್ಟದಂತಹ ಗ್ರಾನೈಟ್, ಅದನ್ನು ಹೊತ್ತದ್ದು ಒದ್ದೆ ಕಟ್ಟಿಗೆ!

ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್. ಅಮೆರಿಕಕ್ಕೆ ಮಧ್ಯಯುಗ ಎಂಬುದೇ ಇರಲಿಲ್ಲವಲ್ಲ, ಅದನ್ನು ಈತ ಫ್ರಾನ್ಸು, ಸ್ಪೇನುಗಳಿಂದ ಎರವಲು ತಂದ. ದಪ್ಪ ಗೋಡೆ, ದುಂಡು ಕಮಾನು, ನಡುವೆ ಕೂತ ಭಾರಿ ಗೋಪುರ. ಚರ್ಚಿನ ಗುರು ಫಿಲಿಪ್ಸ್ ಬ್ರೂಕ್ಸ್ ಆಜಾನುಬಾಹು. ಬರೆದುಕೊಳ್ಳುವವರಿಗೆ ಸಿಗದಷ್ಟು ವೇಗವಾಗಿ ಮಾತಾಡುತ್ತಿದ್ದ. ಆತನಿಗೆ ಬೇಕಿದ್ದದ್ದು ಕಂಬಗಳ ಮರೆಯಿಲ್ಲದ, ಎಲ್ಲರೂ ಗುರುವಿನ ಮುಖ ನೋಡಬಹುದಾದ ವಿಶಾಲ ಒಳಾಂಗಣ.

ಒಳಗೆ ಹೋದೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಗೋಡೆಯೆಲ್ಲ ಕಡುಗೆಂಪು, ಅದರ ಮೇಲೆ ಹಸಿರು, ಬಂಗಾರದ ಬಣ್ಣ. ಇದು ಎಷ್ಟು ದೊಡ್ಡ ದಂಗೆ ಎಂದು ತಿಳಿಯಬೇಕಾದರೆ ನ್ಯೂ ಇಂಗ್ಲೆಂಡಿನ ಹಳೆಯ ಪ್ಯೂರಿಟನ್ ಪ್ರಾರ್ಥನಾಮಂದಿರಗಳನ್ನು ನೋಡಿರಬೇಕು: ಬೋಳು ಗೋಡೆ, ಬಣ್ಣವಿಲ್ಲದ ಗಾಜು, ಗಟ್ಟಿ ಬೆಂಚು. ಚಿತ್ರ ಎಂದರೆ ವಿಗ್ರಹ, ವಿಗ್ರಹ ಎಂದರೆ ಪಾಪ ಎಂದು ನಂಬಿದ್ದವರ ಮರಿಮಕ್ಕಳು ಇಂಥದ್ದೊಂದು ಕಟ್ಟಿದರು. ಬಣ್ಣ ಹಚ್ಚಲು ಕರೆದದ್ದು ಜಾನ್ ಲಾ ಫಾರ್ಜ್‌ನನ್ನು, ಆತ ಹುಟ್ಟಿನಿಂದ ಕ್ಯಾಥೊಲಿಕ್. ಕೆಲವೇ ತಿಂಗಳ ಗಡುವು. ಆತನೂ ಸಹಾಯಕರೂ ಅಟ್ಟಣಿಗೆ ಹತ್ತಿ, ಇನ್ನೂ ಮುಗಿಯದ ಕಟ್ಟಡದ ಚಳಿಯಲ್ಲಿ ನಡುಗುತ್ತ ಬರೆದರು. 1877ರ ಫೆಬ್ರವರಿಯಲ್ಲಿ ಚರ್ಚು ಪ್ರತಿಷ್ಠೆಯಾಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯಲ್ಲ. ಬೆನ್ನ ಹಿಂದೆ, ಬಾಗಿಲ ಮೇಲೆ, ಪಶ್ಚಿಮದ ಮೂರು ನೀಳ ಕಿಟಕಿಗಳು. ಲಾ ಫಾರ್ಜ್ 1883ರಲ್ಲಿ ಮಾಡಿಕೊಟ್ಟವು. ನಡುವೆ ಹರಸುವ ಕ್ರಿಸ್ತ. ಸುತ್ತ ಹಸಿರೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣ. ಮಧ್ಯಾಹ್ನದ ಇಳಿಬಿಸಿಲು ಹಿಂದಿನಿಂದ ಬೀಳುವ ಹೊತ್ತಿಗೆ ಅಲ್ಲಿ ಗಾಜು ಎಂಬುದೇ ಉಳಿಯುವುದಿಲ್ಲ, ಬಣ್ಣ ಮಾತ್ರ ಗಾಳಿಯಲ್ಲಿ ನಿಂತಿರುತ್ತದೆ. ಕತ್ತೆತ್ತಿ ಬಹಳ ಹೊತ್ತು ನೋಡಿದೆ. ಯುರೋಪಿನಲ್ಲಿ ಆಗ ನಡೆದಿದ್ದ ರೂಢಿ ಗಾಜಿನ ಮೇಲೆ ಚಿತ್ರ ಬರೆದು ಸುಡುವುದು. ಇಲ್ಲಿ ಮುಖ, ಕೈಗಳಂಥ ಕೆಲವೆಡೆ ಬಿಟ್ಟರೆ ಬಣ್ಣ ಗಾಜಿನ ಒಳಗೇ ಇದೆ. ಕೆಲವು ಕಡೆ ಗಾಜು ರತ್ನದ ಹರಳಿನಂತೆ ಉಬ್ಬಿದೆ. ಕೆಲವು ಕಡೆ ಹಾಲು ಕದಡಿದಂತೆ ಮಸುಕು, ಅದರ ಹಿಂದೆ ಇನ್ನೊಂದು ಹಾಳೆ, ಅದರ ಹಿಂದೆ ಮತ್ತೊಂದು. ಅಷ್ಟನ್ನೂ ದಾಟಿ ಬರುವಷ್ಟರಲ್ಲಿ ಬೆಳಕಿಗೆ ವಯಸ್ಸಾಗಿರುತ್ತದೆ. ಈ ಹಾಲುಗಾಜಿನ ತಂತ್ರಕ್ಕೆ ಲಾ ಫಾರ್ಜ್ 1880ರಲ್ಲಿ ಪೇಟೆಂಟ್ ಪಡೆದ. ಕಾಯಿಲೆ ಬಿದ್ದು ಮಲಗಿದ್ದಾಗ ಯಾವುದೋ ಅಗ್ಗದ ಪ್ರಸಾಧನ ಡಬ್ಬಿಯ ಮೂಲಕ ಬೆಳಕು ಹಾಯುವುದನ್ನು ಕಂಡು ಇದು ಹೊಳೆಯಿತು ಎಂಬ ಕಥೆಯಿದೆ. ನನಗೆ ಆ ಕಥೆ ನಿಜವಾಗಿರಲಿ ಎನಿಸುತ್ತದೆ.

ಇದೇ ಲಾ ಫಾರ್ಜ್ 1886ರಲ್ಲಿ ಗೆಳೆಯ ಹೆನ್ರಿ ಆಡಮ್ಸ್ ಜೊತೆ ಜಪಾನಿಗೆ ಹೊರಟ. ಆಡಮ್ಸ್ ಇತಿಹಾಸಕಾರ; ಅವನ ಮುತ್ತಾತ, ತಾತ ಇಬ್ಬರೂ ಅಮೆರಿಕದ ಅಧ್ಯಕ್ಷರಾಗಿದ್ದವರು. ಹಿಂದಿನ ಡಿಸೆಂಬರಿನಲ್ಲಷ್ಟೇ ಅವನ ಹೆಂಡತಿ ಕ್ಲೋವರ್, ಒಳ್ಳೆಯ ಛಾಯಾಗ್ರಾಹಕಿ, ಫೋಟೊ ಸಂಸ್ಕರಣೆಗೆ ಇಟ್ಟುಕೊಂಡಿದ್ದ ಸಯನೈಡ್ ಕುಡಿದು ಪ್ರಾಣ ಕಳೆದುಕೊಂಡಿದ್ದಳು. ಗೆಳೆಯರು ಹೋದದ್ದು ಯೂನಿಯನ್ ಪೆಸಿಫಿಕ್ ರೈಲ್ವೆಯ ಖಾಸಗಿ ಡಬ್ಬಿಯಲ್ಲಿ; ಆಡಮ್ಸ್‌ನ ಅಣ್ಣನೇ ಆ ಕಂಪನಿಯ ಅಧ್ಯಕ್ಷ. ಒಮಾಹಾದಲ್ಲಿ ಒಬ್ಬ ಎಳೆಯ ಪತ್ರಕರ್ತ ಬಂದು, ಜಪಾನಿಗೆ ಯಾಕೆ ಎಂದು ಕೇಳಿದ. ನಿರ್ವಾಣ ಹುಡುಕಲು ಎಂದ ಲಾ ಫಾರ್ಜ್. ಹುಡುಗ ತಡಮಾಡಲಿಲ್ಲ: ಅದರ ಸೀಸನ್ ಮುಗಿಯಿತಲ್ಲ ಸ್ವಾಮೀ, ಎಂದನಂತೆ.

ಆ ಕಾಲದ ಅಮೆರಿಕವೆಲ್ಲ ಈ ಡಬ್ಬಿಯೊಳಗಿದೆ ಎನಿಸುತ್ತದೆ ನನಗೆ. ಉಕ್ಕು, ರೈಲು, ಹತ್ತಿ ಗಿರಣಿಯ ದುಡ್ಡು. ಅಂತರ್ಯುದ್ಧದ, ಮನೆಮನೆಯ ಸಾವುಗಳು. ಡಾರ್ವಿನ್ ಅಲ್ಲಾಡಿಸಿದ ಭಕ್ತಿ. ಎಲ್ಲಿಯದಾದರೂ ಸರಿ, ಪವಿತ್ರವಾದದ್ದೊಂದು ಬೇಕೆಂಬ ತವಕ. ಖಾಸಗಿ ಡಬ್ಬಿಯಲ್ಲಿ ಕೂತು ನಿರ್ವಾಣಕ್ಕೆ ಹೊರಟವರನ್ನು ನೋಡಿ ನಗಬಹುದು. ಒಳಗೆ ಕೂತವನ ಮನೆಯ ಕಥೆ ಗೊತ್ತಾದ ಮೇಲೆ ನಗು ಪೂರ್ತಿ ಬರುವುದಿಲ್ಲ. ಕ್ಲೋವರ್‌ಳ ಸಮಾಧಿಗೆಂದು ಅಗಸ್ಟಸ್ ಸೇಂಟ್-ಗಾಡೆನ್ಸ್ ಮಾಡಿದ ಕಂಚಿನ ಮುಸುಕಿನ ಮೂರ್ತಿ 1891ರಿಂದ ವಾಷಿಂಗ್ಟನ್ನಿನ ರಾಕ್ ಕ್ರೀಕ್ ಸ್ಮಶಾನದಲ್ಲಿದೆ. ಅದರ ಮೇಲೆ ಹೆಸರಿಲ್ಲ, ತಾರೀಖಿಲ್ಲ, ಶಿಲುಬೆಯೂ ಇಲ್ಲ.

ಟ್ರಿನಿಟಿಯ ಗುರು ಬ್ರೂಕ್ಸ್ ಕೂಡ ಪೂರ್ವದ ಕಡೆ ಹೊರಟವನೇ, ಭಾರತಕ್ಕೆ ಬಂದಿದ್ದ. ಬೋಧಗಯೆಗೆ ಹೋಗಿ ಊರಿಗೆ ಕಾಗದ ಬರೆದ: ಬಾಸ್ಟನ್ನಿನ ದೊಡ್ಡ ಪಾಲು ಜನ ತಮ್ಮನ್ನು ಬೌದ್ಧರೆಂದುಕೊಳ್ಳುತ್ತಿರುವ ಈ ದಿನಗಳಲ್ಲಿ ಅಲ್ಲಿನ ಪಾದ್ರಿಯಾದ ನನಗೆ ಈ ಯಾತ್ರೆ ಕರ್ತವ್ಯವೇ ಸರಿ ಎಂಬ ಧಾಟಿಯಲ್ಲಿ. ತಮಾಷೆಯೇ, ಆದರೆ ಬರೀ ತಮಾಷೆಯಲ್ಲ. ಎಡ್ವಿನ್ ಆರ್ನಲ್ಡ್‌ನ ಬುದ್ಧಕಾವ್ಯ 1879ರಲ್ಲಿ ಅಚ್ಚಾದ ಮೇಲೆ ಅಮೆರಿಕದ ದಿವಾನಖಾನೆಗಳಲ್ಲಿ ಹರಿದಾಡುತ್ತಿತ್ತು.

ಚೌಕದ ಎದುರುಬದಿಗೆ ಸಾರ್ವಜನಿಕ ಗ್ರಂಥಾಲಯ, 1895ರಲ್ಲಿ ತೆರೆದದ್ದು. ಎಲ್ಲರಿಗೂ ಉಚಿತ ಎಂದು ಬಾಗಿಲ ಮೇಲೆಯೇ ಕೆತ್ತಿದ್ದಾರೆ. ಮೆಟ್ಟಿಲ ಬಳಿಯ ಅಮೃತಶಿಲೆಯ ಸಿಂಹಗಳು ಅಂತರ್ಯುದ್ಧದಲ್ಲಿ ಹೋರಾಡಿದ ಎರಡು ಪಡೆಗಳ ಸ್ಮಾರಕ. ಶಾಲಾ ಮಕ್ಕಳು ಅವುಗಳ ಬಾಲ ಸವರಿ ಓಡುತ್ತಿದ್ದರು. ಅಂಗಳದಲ್ಲಿ ಕೂಸನ್ನು ಎತ್ತಿಕೊಂಡು, ದ್ರಾಕ್ಷಿ ಹಿಡಿದು, ಬತ್ತಲೆ ಕುಣಿಯುವ ಹೆಣ್ಣಿನ ಕಂಚಿನ ಪ್ರತಿಮೆಯಿದೆ, ಮ್ಯಾಕ್‌ಮನೀಸ್‌ನ ಕೃತಿ. ಗ್ರಂಥಾಲಯದ ವಾಸ್ತುಶಿಲ್ಪಿ ಮಕಿಮ್ ಇದನ್ನು ಉಡುಗೊರೆ ಕೊಟ್ಟಾಗ ಊರಿನ ಮರ್ಯಾದಸ್ಥರು ಬೊಬ್ಬೆ ಹೊಡೆದರು: ಕುಡಿತ, ಬತ್ತಲೆ, ಜೊತೆಗೆ ತಾಯ್ತನದ ಅಪಮಾನ! ಮಕಿಮ್ ಬೇಸತ್ತು ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಈಗಿರುವುದು ಪ್ರತಿ. ಮೇಲಿನ ಮಹಡಿಯಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಮೂರು ದಶಕ ಬರೆದ ಧರ್ಮಗಳ ಚಿತ್ರಮಾಲೆ. ಹಳೆಯ ಉಗ್ರ ದೇವತೆಗಳಿಂದ ಶುರುವಾಗಿ ಯೇಸುವಿನ ಗಿರಿಪ್ರವಚನದಲ್ಲಿ ಅದು ಮುಗಿಯಬೇಕಿತ್ತು. ಯೆಹೂದಿ ಧರ್ಮವನ್ನು ಸೋತ ಮುದುಕಿಯಂತೆ ಚಿತ್ರಿಸಿದ್ದಕ್ಕೆ 1919ರಲ್ಲಿ ಪ್ರತಿಭಟನೆ ಎದ್ದಿತು, ಅದು ನ್ಯಾಯವಾದದ್ದೇ. ಪ್ರವಚನಕ್ಕೆಂದು ಬಿಟ್ಟ ಜಾಗ ಇವತ್ತಿಗೂ ಖಾಲಿ.

ಅಲ್ಲಿಂದ ಫೆನ್ವೇ ಕಡೆಗೆ ನಡೆದರೆ ಲಲಿತಕಲೆಗಳ ಮ್ಯೂಸಿಯಂ. ಒಳಗೆ, ಹೊರಬೆಳಕು ಬಾರದ ಒಂದು ಕೋಣೆಯಲ್ಲಿ ಜಪಾನಿನ ಮರದ ಬುದ್ಧರು ಕೂತಿದ್ದಾರೆ. 1868ರ ನಂತರ ಜಪಾನಿನ ಸರ್ಕಾರ ಬೌದ್ಧ ಮಠಗಳ ಕೈಬಿಟ್ಟಾಗ ಅಲ್ಲಿನ ಮೂರ್ತಿಗಳು, ಪಟಗಳು ಸಿಕ್ಕ ಬೆಲೆಗೆ ಬಿಕರಿಯಾದವು. ಕ್ಲೋವರ್‌ಳ ಸೋದರಸಂಬಂಧಿ, ಡಾಕ್ಟರಿಕೆ ಬಿಟ್ಟ ವಿಲಿಯಂ ಸ್ಟರ್ಜಿಸ್ ಬಿಗೆಲೋ ಹತ್ತಾರು ಸಾವಿರ ವಸ್ತುಗಳನ್ನು ಕೊಂಡು ಇಲ್ಲಿಗೆ ಕೊಟ್ಟ. ದೋಚಿದ ಎನ್ನಬೇಕೋ ಉಳಿಸಿದ ಎನ್ನಬೇಕೋ? ಆತ ಬೌದ್ಧ ದೀಕ್ಷೆಯನ್ನೂ ಪಡೆದ. ಅವನ ಬೂದಿ ಅರ್ಧ ಬಾಸ್ಟನ್ ಪಕ್ಕದ ಮೌಂಟ್ ಆಬರ್ನಿನಲ್ಲಿ, ಅರ್ಧ ಜಪಾನಿನ ಬಿವಾ ಸರೋವರದ ಬಳಿಯ ಮಠದಲ್ಲಿ.

ಈ ಊರಿಗೆ ನಮ್ಮ ಕಡೆಯಿಂದಲೂ ಒಂದು ದಾರಿಯಿದೆ. 1892ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಯುವ ಸನ್ಯಾಸಿ ಮರುವರ್ಷ ಶಿಕಾಗೊ ತಲುಪಿದಾಗ ಧರ್ಮಸಮ್ಮೇಳನಕ್ಕೆ ಇನ್ನೂ ವಾರಗಳಿದ್ದವು, ಕೈಯಲ್ಲಿದ್ದ ಹಣ ಕರಗುತ್ತಿತ್ತು. ಖರ್ಚು ಕಡಿಮೆಯೆಂದು ವಿವೇಕಾನಂದರು ಬಾಸ್ಟನ್ ಕಡೆಗೆ ಬಂದರು. ರೈಲಿನಲ್ಲಿ ಪರಿಚಯವಾದ ಲೇಖಕಿ ಕೇಟ್ ಸ್ಯಾನ್‌ಬಾರ್ನ್ ತನ್ನ ತೋಟದ ಮನೆಯಲ್ಲಿ ಉಳಿಸಿಕೊಂಡಳು. ನನಗೆ ಊಟವಸತಿಯ ಲಾಭ, ಆಕೆಗೆ ಸ್ನೇಹಿತರಿಗೆ ಭಾರತದ ವಿಚಿತ್ರ ವಸ್ತುವೊಂದನ್ನು ತೋರಿಸುವ ಲಾಭ ಎಂಬರ್ಥದಲ್ಲಿ ಸ್ವಾಮೀಜಿ ಮದ್ರಾಸಿನ ಶಿಷ್ಯ ಅಳಸಿಂಗರಿಗೆ ಕಾಗದ ಬರೆದರು. ಅವರಿಗೆ ಎಲ್ಲವೂ ಕಾಣುತ್ತಿತ್ತು. ಸಮ್ಮೇಳನದ ಬಾಗಿಲು ತೆರೆಸಿದ ಶಿಫಾರಸು ಪತ್ರ ಕೊಟ್ಟವರು ಹಾರ್ವರ್ಡಿನ ಗ್ರೀಕ್ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್.

ಲಲಿತಕಲೆಗಳ ಮ್ಯೂಸಿಯಮ್ಮಿನಿಂದ ಕೂಗಳತೆಯಲ್ಲಿ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್ನರ್‌ಳ ಮನೆ, ಈಗ ಅದೂ ಮ್ಯೂಸಿಯಂ. ಆಕೆಯ ಮಗು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಆಕೆ ಲೋಕ ಸುತ್ತಿದಳು, ಭಾರತವನ್ನೂ ನೋಡಿದಳು. ಅಪ್ಪನ ಆಸ್ತಿ ಬಂದ ಮೇಲೆ ಟಿಶಿಯನ್, ರೆಂಬ್ರಾಂಟ್, ವರ್ಮೀರರನ್ನು ಕೊಂಡಳು. ವೆನಿಸ್ಸಿನ ಅರಮನೆಯ ಮುಖವನ್ನು ಒಳಮೊಗವಾಗಿ ತಿರುಗಿಸಿ, ನಡುವೆ ಗಾಜಿನ ಮಾಡಿನ ಹೂದೋಟವಿಟ್ಟು, 1903ರ ಹೊಸ ವರ್ಷದ ದಿನ ಬಾಗಿಲು ತೆರೆದಳು. ನಾನು ಹೋದಾಗ ಹೊರಗೆ ಇನ್ನೂ ಚಳಿ, ಒಳಗೆ ಮೇಲಂತಸ್ತಿನಿಂದ ಕಿತ್ತಳೆ ಬಣ್ಣದ ನಸ್ಟರ್ಶಿಯಂ ಬಳ್ಳಿಗಳು ಆಳುದ್ದಕ್ಕೂ ಮೀರಿ ಇಳಿಬಿದ್ದಿದ್ದವು. ಬಳ್ಳಿ ಇಳಿಬಿಡುವುದು ವಸಂತದಲ್ಲಿ, ಆಕೆಯ ಹುಟ್ಟುಹಬ್ಬದ ಆಸುಪಾಸು. ಗಾಥಿಕ್ ಕೋಣೆಯಲ್ಲಿ ಸಾರ್ಜೆಂಟ್ 1888ರಲ್ಲಿ ಬರೆದ ಅವಳ ಚಿತ್ರ: ಕಪ್ಪು ಉಡುಪು, ನಡುವಿಗೆ ಸುತ್ತಿದ ಮುತ್ತು, ತಲೆಯ ಹಿಂದೆ ಜರತಾರಿ ಬಟ್ಟೆಯ ವಿನ್ಯಾಸ ಸರಿಯಾಗಿ ಪ್ರಭಾವಳಿಯಂತೆ ಬಂದು ಕೂತಿದೆ. ಊರು ಎಷ್ಟು ಗುಸುಗುಸು ಮಾಡಿತೆಂದರೆ, ಅವಳು ಬದುಕಿರುವವರೆಗೆ ಆ ಕೋಣೆ ಸಾರ್ವಜನಿಕರಿಗೆ ತೆರೆಯಲೇ ಇಲ್ಲ.

ಉಯಿಲಿನಲ್ಲಿ ಆಕೆ ಎರಡು ಕಟ್ಟು ಹಾಕಿದ್ದಾಳೆ. ಇಟ್ಟದ್ದು ಇಟ್ಟಲ್ಲೇ ಇರಬೇಕು. ಪ್ರತಿವರ್ಷ ಏಪ್ರಿಲ್ 14ರಂದು, ತನ್ನ ಹುಟ್ಟಿದ ದಿನ, ಮನೆಯ ಪುಟ್ಟ ಪ್ರಾರ್ಥನಾಗೃಹದಲ್ಲಿ ತನಗಾಗಿ ಪೂಜೆ ನಡೆಯಬೇಕು. ನಮ್ಮ ದೇವಸ್ಥಾನಗಳಲ್ಲಿ ಶಾಶ್ವತ ಪೂಜೆಗೆ ಹಣ ಕಟ್ಟುತ್ತಾರಲ್ಲ, ಹಾಗೆ. ಎರಡೂ ಈಗಲೂ ನಡೆಯುತ್ತಿವೆ. 1990ರ ಮಾರ್ಚಿನಲ್ಲಿ ಪೊಲೀಸರ ವೇಷ ಹಾಕಿ ಬಂದವರು 13 ಕೃತಿಗಳನ್ನು ಕದ್ದೊಯ್ದರು, ವರ್ಮೀರನ ಚಿತ್ರವೂ ಹೋಯಿತು. ಕತ್ತರಿಸಿದ ರೆಂಬ್ರಾಂಟ್‌ಗಳ ಖಾಲಿ ಚೌಕಟ್ಟುಗಳು ಅವವೇ ಜಾಗದಲ್ಲಿ ನೇತಾಡುತ್ತಿವೆ.

ಅಂದಹಾಗೆ, ಇಸಬೆಲ್ಲಾ ಎಂಬ ಹೆಸರಿನವರಿಗೆ ಇಲ್ಲಿ ಜೀವನಪರ್ಯಂತ ಪ್ರವೇಶ ಉಚಿತ. ಕೌಂಟರಿನಲ್ಲಿ ನನ್ನ ಮುಂದಿದ್ದ ಕಾಲೇಜು ಹುಡುಗಿ ಗುರುತಿನ ಚೀಟಿ ತೋರಿಸಿ ಬೀಗುತ್ತ ಒಳಗೆ ಹೋದಳು. ಅವಳ ಜೊತೆಗಿದ್ದ ಇಬ್ಬರು ಗೆಳತಿಯರು ಗೊಣಗುತ್ತ ಪರ್ಸ್ ತೆಗೆದರು, ಅವರ ಹಿಂದೆ ನಾನು.