ಬಾರ್ಡ್ಸ್‌ಟೌನಿನ ಖಾಲಿ ಬಾಟಲಿಗಳು

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಲೂಯಿವಿಲ್ ನಗರದಿಂದ ದಕ್ಷಿಣಕ್ಕೆ ಸುಮಾರು 65 ಕಿ.ಮೀ. ಹೋದರೆ ಬಾರ್ಡ್ಸ್‌ಟೌನ್ ಎಂಬ ಪುಟ್ಟ ಊರು ಸಿಗುತ್ತದೆ. ಇದು ಮೆಕ್ಕೆಜೋಳದಿಂದ ತಯಾರಾಗುವ ಬೂರ್ಬನ್ ವಿಸ್ಕಿಯ ಸೀಮೆ. ಎತ್ತರದ ಉಗ್ರಾಣಗಳೊಳಗೆ ಓಕ್ ಮರದ ಪೀಪಾಯಿಗಳಲ್ಲಿ ಅದು ವರ್ಷಗಟ್ಟಲೆ ಮಾಗುತ್ತದೆ. ನಮ್ಮ ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲ. ಆದರೂ ಅಲ್ಲಿಗೆ ಹೋದೆವು. ಕಾರಣ, ಮಗಳ ಮನೆಯಲ್ಲಿರುವ ಹನ್ನೆರಡು ವರ್ಷದ ಮೊಮ್ಮಗನಿಗೆ ಹಳೆಯ ಖಾಲಿ ಬಾಟಲಿಗಳ ಹುಚ್ಚು.

"ಇಷ್ಟು ದೂರ ಬಂದು ಕೊನೆಗೆ ಹೆಂಡದ ಬಾಟಲಿ ನೋಡ್ಬೇಕಾ?" ಎಂದಳು ನನ್ನಾಕೆ.

ಊರಿನ ಸ್ಪಾಲ್ಡಿಂಗ್ ಹಾಲ್ ಎಂಬ ಹಳೆಯ ಕಟ್ಟಡದಲ್ಲಿ ಆಸ್ಕರ್ ಗೆಟ್ಜ್ ವಿಸ್ಕಿ ಚರಿತ್ರೆಯ ಮ್ಯೂಸಿಯಂ ಇದೆ. ಹಳೆಯ ಬಾಟಲಿ, ಹೂಜಿ, ಕಳ್ಳಭಟ್ಟಿ ಇಳಿಸುತ್ತಿದ್ದ ಉಪಕರಣ ಎಲ್ಲವೂ ಅಲ್ಲಿವೆ. ನಮ್ಮ ಹುಡುಗ ನೇರವಾಗಿ ಹೋಗಿ ನಿಂತದ್ದು 'ಔಷಧಿಯ ವಿಸ್ಕಿ' ಬಾಟಲಿಗಳ ಮುಂದೆ.

ಮಕ್ಕಳೇ, ಅಮೆರಿಕದಲ್ಲಿ 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಇಡೀ ದೇಶಕ್ಕೇ ಮದ್ಯನಿಷೇಧವಿತ್ತು. ಅದಕ್ಕಾಗಿ ಸಂವಿಧಾನವನ್ನೇ ತಿದ್ದಿದ್ದರು. ಗಂಡಸರ ಸಂಬಳ ಹೆಂಡದಂಗಡಿಯ ಪಾಲಾಗಿ ಮಕ್ಕಳು ಹಸಿದು ಮಲಗುವುದನ್ನು ಕಂಡ ಹೆಂಗಸರು 1874ರಲ್ಲೇ ಸಂಘ ಕಟ್ಟಿ ಹೋರಾಟಕ್ಕೆ ಇಳಿದಿದ್ದರು. ಇದನ್ನು ಹೇಳಿದ ಮೇಲೆ ನನ್ನಾಕೆಯೂ ಕನ್ನಡಕ ಹಾಕಿಕೊಂಡು ಹತ್ತಿರ ಬಂದಳು.

ಆದರೆ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿತ್ತು. ಡಾಕ್ಟರು ಚೀಟಿ ಬರೆದುಕೊಟ್ಟರೆ ಔಷಧಿ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಹತ್ತು ದಿನಕ್ಕೆ ಒಬ್ಬರಿಗೆ ಒಂದು ಪೈಂಟ್, ಅಂದರೆ ಸುಮಾರು 473 ಮಿಲಿ ಲೀಟರ್. ದೇಶದಲ್ಲಿ ಇದ್ದಕ್ಕಿದ್ದಂತೆ 'ರೋಗಿಗಳು' ಹೆಚ್ಚಿದರು! ಚೀಟಿ ಸಿಗದ ಬಡವರು ಕಳ್ಳಭಟ್ಟಿ ಕುಡಿದರು. ಅದರ ವಿಷಕ್ಕೆ ಕಣ್ಣು ಕಳೆದುಕೊಂಡವರು, ಪ್ರಾಣ ಬಿಟ್ಟವರು ಅನೇಕರು.

ಹಾಗಾಗಿ ಆ ಕಾಲದ ಅಸಲಿ ಬಾಟಲಿ ಹೆಚ್ಚಾಗಿ ಪೈಂಟ್ ಅಳತೆಯದು. ಲೇಬಲ್ಲಿನ ಮೇಲೆ 'ಔಷಧಿಯ ಉಪಯೋಗಕ್ಕೆ ಮಾತ್ರ' ಎಂಬರ್ಥದ ಇಂಗ್ಲಿಷ್ ಬರಹವಿರುತ್ತದೆ. ಬಾಯಿಗೆ ಅಡ್ಡಲಾಗಿ ಅಂಟಿಸಿದ ಸರ್ಕಾರಿ ಮುದ್ರೆಯ ಪಟ್ಟಿಯಲ್ಲಿ ವಿಸ್ಕಿ ತಯಾರಾದ ವರ್ಷ, ಬಾಟಲಿಗೆ ತುಂಬಿದ ವರ್ಷ ಎರಡೂ ಇರುತ್ತವೆ. ಬ್ಯಾಂಕಿನಲ್ಲಿ ಜೀವಮಾನವಿಡೀ ಚೆಕ್ಕಿನ ತಾರೀಖು ನೋಡಿದ ನನಗೆ ಆ ಪಟ್ಟಿ ಬಹಳ ಹಿಡಿಸಿತು.

ಕಾಗದ ಕಿತ್ತುಹೋಗಿದ್ದರೆ ಗಾಜನ್ನೇ ಕೇಳಬೇಕು. ಬಾಟಲಿಯ ಪಕ್ಕದಲ್ಲಿ ಅಚ್ಚಿನ ಗೆರೆ ಇರುತ್ತದೆ. ಅದು ಬಾಯಿಯ ಅಂಚನ್ನೂ ದಾಟಿದ್ದರೆ ಯಂತ್ರದಲ್ಲಿ ಮಾಡಿದ್ದು. ಕತ್ತಿನಲ್ಲೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ತಿದ್ದಿದ್ದು, ಸಾಮಾನ್ಯವಾಗಿ ಮದ್ಯನಿಷೇಧಕ್ಕಿಂತಲೂ ಹಳೆಯದು.

ವಾಪಸು ಬರುವಾಗ ದಾರಿಯಲ್ಲಿದ್ದ ಒಂದು ಹಳೆ ಸಾಮಾನಿನ ಅಂಗಡಿಗೆ ಹೊಕ್ಕೆವು. ಕಂದು ಬಣ್ಣದ ಬಾಟಲಿಯೊಂದಕ್ಕೆ 'ಮದ್ಯನಿಷೇಧ ಕಾಲದ್ದು, 45 ಡಾಲರ್' ಎಂದು ಚೀಟಿ ಕಟ್ಟಿದ್ದರು. ಹುಡುಗನ ಜೇಬಿನಲ್ಲಿ ಹುಟ್ಟುಹಬ್ಬದ 50 ಡಾಲರ್ ಇತ್ತು. ನಾನು ಬಾಯಿ ಹಾಕಲಿಲ್ಲ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದ. ಭುಜದ ಮೇಲೆ ಉಬ್ಬಕ್ಷರಗಳಿದ್ದವು. 'ಈ ಬಾಟಲಿಯ ಮಾರಾಟ ಅಥವಾ ಮರುಬಳಕೆಯನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ' ಎಂದು ಅದರ ಅರ್ಥ.

"ತಾತ, ಇದು ಆ ಕಾಲದ್ದಲ್ಲ" ಎಂದ ಮೆಲ್ಲಗೆ.

ಅವನು ಹೇಳಿದ್ದು ಸರಿ. ಖಾಲಿ ಬಾಟಲಿಗೆ ಕಳ್ಳ ಮದ್ಯ ತುಂಬಿ ಮಾರುವುದನ್ನು ತಡೆಯಲೆಂದು ಈ ವಾಕ್ಯವನ್ನು ಕಡ್ಡಾಯ ಮಾಡಿದ್ದು ನಿಷೇಧ ರದ್ದಾದ ಮೇಲೆ, 1935ರಲ್ಲಿ. 1964ರವರೆಗೆ ಅದು ನಡೆಯಿತು. ಹುಡುಗ ಅಂಗಡಿಯವರಿಗೆ ವಿನಯದಿಂದಲೇ ವಿವರಿಸಿದ. ವಯಸ್ಸಾದ ಆ ಮನುಷ್ಯ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದರು. ಪೆನ್ನು ತೆಗೆದು ಚೀಟಿಯಲ್ಲಿ 'ಮದ್ಯನಿಷೇಧ ಕಾಲದ್ದು' ಎಂಬುದನ್ನು ಹೊಡೆದುಹಾಕಿ, ಬೆಲೆ 8 ಡಾಲರ್ ಎಂದು ತಿದ್ದಿದರು.

"ಈಗ ಸರಿಯಾದ ಬೆಲೆ" ಎಂದು ಹುಡುಗ ಅದನ್ನೇ ಕೊಂಡ. ಅಸಲಿಗೆ ಇನ್ನೂ ದುಡ್ಡು ಕೂಡಿಸುತ್ತಿದ್ದಾನೆ.

ಹೆಂಡದ ಬಾಟಲಿ ಮನೆಯೊಳಗೆ ಬಂದಿತಲ್ಲ, ಮುಂದೇನು? ಮರುದಿನ ಬೆಳಿಗ್ಗೆ ನೋಡಿದರೆ ಅದು ತೊಳೆದು ಫಳಫಳ ಹೊಳೆಯುತ್ತ ಅಡುಗೆಮನೆಯ ಕಿಟಕಿಯಲ್ಲಿ ಕೂತಿತ್ತು. ನನ್ನಾಕೆ ಅದರಲ್ಲಿ ನೀರು ತುಂಬಿ ಮನಿಪ್ಲಾಂಟ್ ಬಳ್ಳಿ ಇಟ್ಟಿದ್ದಳು.

"ಅಜ್ಜಿ, ಮರುಬಳಕೆ ಮಾಡಬಾರದು ಅಂತ ಅದರ ಮೇಲೇ ಬರೆದಿದೆ!" ಎಂದು ಹುಡುಗ ಕೂಗಿದ.

"1964ಕ್ಕೇ ಮುಗೀತು ಅಂತ ನೀನೇ ಹೇಳ್ದೆಯಲ್ಲೋ" ಎಂದಳು ಅಜ್ಜಿ.